ಪದಚರ್ಚೆ: ಶ್ವಾಸಕೋಶದ ರಕ್ತನಾಳ ಸಿರೊಟೋನಿನ್ ಅನ್ನು ‘ಹೀರುತ್ತದೆಯೇ’?

ಪ್ರಶ್ನೆ:

ಬಲ್ಲವರು ತಿಳಿಸಬೇಕು. ಶರೀರಕ್ರಿಯಾಶಾಸ್ತ್ರದ ಅನುವಾದವೊಂದರ ಕರಡಿನಲ್ಲಿ ಅಪ್‌ಟೇಕ್, ಎಕ್ಸ್‌ಟ್ರ್ಯಾಕ್ಷನ್, ಕ್ಲಿಯರೆನ್ಸ್ ಮೂರಕ್ಕೂ ‘ಹೀರಿಕೆ’ ಎಂದೇ ಬಂದಿದೆ. ಒಂದು ವಾಕ್ಯ ಹೀಗಿದೆ: ‘ಶ್ವಾಸಕೋಶದ ರಕ್ತನಾಳಗಳು ಸಿರೊಟೋನಿನ್, ನಾರ್‌ಅಡ್ರಿನಲಿನ್, ಬ್ರಾಡಿಕೈನಿನ್‌ಗಳನ್ನು ಹೀರಿಕೊಳ್ಳುತ್ತವೆ.’ (ಮೂರೂ ರಕ್ತದಲ್ಲಿ ಸಾಗುವ ಸಂಕೇತ ರಾಸಾಯನಿಕಗಳು.) ಒಂದೇ ಪದ ಸಾಕೇ? ಸಾಲದಿದ್ದರೆ ಯಾವುದಕ್ಕೆ ಯಾವುದು?

ಉತ್ತರ:

ಸಾಲದು. ಆ ಸಾಲಿನಲ್ಲಿ ಬ್ರಾಡಿಕೈನಿನ್ ಸೇರಿರುವುದೇ ತಪ್ಪು. ಅದು ಜೀವಕೋಶದೊಳಕ್ಕೆ ಹೋಗುವುದಿಲ್ಲ. ನಾಳದ ಒಳಪದರದ ಮೇಲ್ಮೈಯಲ್ಲಿರುವ ಎಸಿಇ (ಆಂಜಿಯೋಟೆನ್ಸಿನ್ ಪರಿವರ್ತಕ) ಕಿಣ್ವ ಅದನ್ನು ಅಲ್ಲೇ ಕತ್ತರಿಸುತ್ತದೆ. (ಆಂಜಿಯೋಟೆನ್ಸಿನ್ 1 ಅನ್ನು 2 ಆಗಿಸುವುದೂ ಇದೇ ಕಿಣ್ವ.) ಸಿರೊಟೋನಿನ್ ಹಾಗಲ್ಲ. ಸೋಡಿಯಂ ಇದ್ದರೆ ಮಾತ್ರ ಕೆಲಸ ಮಾಡುವ ವಾಹಕ ಪ್ರೋಟೀನ್ ಅದನ್ನು ಒಳಕ್ಕೆ ಸಾಗಿಸುತ್ತದೆ, ಒಡೆಯುವುದು ಆಮೇಲೆ, ಒಳಗಿನ ಮೊನೊಅಮೈನ್ ಆಕ್ಸಿಡೇಸ್ ಎಂಬ ಕಿಣ್ವದಿಂದ. ನಾರ್‌ಅಡ್ರಿನಲಿನ್ ಕೂಡ ಒಳಗೇ ಸಾಗುತ್ತದೆ, ಆದರೆ ಕಡಿಮೆ ಪಾಲು. ರಚನೆಯಲ್ಲಿ ಅದಕ್ಕೆ ತೀರ ಹತ್ತಿರದ ಅಡ್ರಿನಲಿನ್ ಬಹುಮಟ್ಟಿಗೆ ಹಾಗೇ ದಾಟಿಹೋಗುತ್ತದೆ.

ಪದಗಳು ಬೇರೆಯಾಗಬೇಕಾದ ಕಾರಣ ಅಳತೆಯ ವಿಧಾನದಲ್ಲೇ ಇದೆ. ಇಲಿಯ ಶ್ವಾಸಕೋಶವನ್ನು, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟ ಬಳಿಕ ಹೊರತೆಗೆದು, ಪುಪ್ಪುಸ ಅಪಧಮನಿಗೆ ಒಂದು ಕೊಳವೆ, ಎಡ ಹೃತ್ಕರ್ಣಕ್ಕೆ ಇನ್ನೊಂದು ಕೊಳವೆ ಕೂರಿಸುತ್ತಾರೆ. 37 ಡಿಗ್ರಿ ಸೆಲ್ಸಿಯಸ್‌ನ, ಆಲ್ಬುಮಿನ್ ಬೆರೆಸಿದ ಕ್ರೆಬ್ಸ್ ದ್ರಾವಣವನ್ನು (ರಕ್ತದಲ್ಲಿರುವಂಥ ಲವಣಗಳ ನೀರು) ನಿಮಿಷಕ್ಕೆ ಸುಮಾರು 10 ಮಿ.ಲೀ. ಹರಿಸುತ್ತಾರೆ. ಒಳಹರಿವಿಗೆ ಎರಡು ವಸ್ತುಗಳನ್ನು ಒಟ್ಟಿಗೆ, ಒಂದೇ ಸಲಕ್ಕೆ ಚುಚ್ಚುತ್ತಾರೆ: ನಾಳ ಬಿಟ್ಟು ಹೊರಹೋಗದ ಇಂಡೋಸಯನಿನ್ ಗ್ರೀನ್ ಬಣ್ಣ, ಮತ್ತು ವಿಕಿರಣಶೀಲ ಗುರುತು ಹಾಕಿದ ಸಿರೊಟೋನಿನ್. ಹೊರಹರಿವನ್ನು ಸುಮಾರು ಸೆಕೆಂಡಿಗೊಂದು ನಳಿಕೆಯಂತೆ ಹಿಡಿಯುತ್ತಾರೆ.

ಒಂದು ನಳಿಕೆಯಲ್ಲಿ ಚುಚ್ಚಿದ ಬಣ್ಣದ 4% ಇದ್ದು, ಸಿರೊಟೋನಿನ್‌ನ 1% ಮಾತ್ರ ಇದ್ದರೆ, 1ರಿಂದ ¼ ಕಳೆದು 75% ಎನ್ನುತ್ತಾರೆ. ಎಕ್ಸ್‌ಟ್ರ್ಯಾಕ್ಷನ್ ಎಂದರೆ ಇಷ್ಟೇ: ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕ. ಒಳಕ್ಕೆ ಸಾಗಿತೋ, ಮೇಲೇ ತುಂಡಾಯಿತೋ ಎಂದು ಈ ಸಂಖ್ಯೆ ಹೇಳುವುದಿಲ್ಲ. ಹೇಳಿಸಬೇಕಾದರೆ ಇಮಿಪ್ರಮಿನ್ (ವಾಹಕವನ್ನು ತಡೆಯುವ ಔಷಧ) ಹಾಕಿಯೋ ದ್ರಾವಣವನ್ನು ತಣಿಸಿಯೋ ಮತ್ತೆ ಅಳೆಯಬೇಕು. ಇಮಿಪ್ರಮಿನ್‌ಗೆ ಸಂಖ್ಯೆ ಬಿದ್ದರೆ ಅದು ವಾಹಕದ ಕೆಲಸ.

ಹರಿವು 10ರಿಂದ 20 ಮಿ.ಲೀ.ಗೆ ಏರಿ, ಹೊಸ ಲೋಮನಾಳಗಳು ತೆರೆಯದಿದ್ದರೆ ಆ 75% ಸುಮಾರು 50%ಕ್ಕೆ ಇಳಿಯುತ್ತದೆ. ಈ ಪಾಲನ್ನು ಹರಿವಿನಿಂದ ಗುಣಿಸಿ ಬರುವ ಕ್ಲಿಯರೆನ್ಸ್ (ನಿಮಿಷಕ್ಕೆ ಎಷ್ಟು ದ್ರಾವಣ ಆ ವಸ್ತುವಿನಿಂದ ಪೂರ್ತಿ ಮುಕ್ತವಾದಂತೆ ಎಂಬ ಲೆಕ್ಕ) ಮಾತ್ರ ನಿಮಿಷಕ್ಕೆ 7.5ರಿಂದ 10 ಮಿ.ಲೀ.ಗೆ ಏರುತ್ತದೆ! ಒಂದು ಇಳಿದು ಇನ್ನೊಂದು ಏರುವಾಗ ಎರಡಕ್ಕೂ ‘ಹೀರಿಕೆ’ ಎಂದರೆ ಓದುವ ವಿದ್ಯಾರ್ಥಿ ಏನೆಂದುಕೊಳ್ಳಬೇಕು?

ಸಂಖ್ಯೆ ಕೆಡುವ ದಾರಿಗಳನ್ನೂ ಅನುವಾದಕರು ತಿಳಿದಿರಬೇಕು, ಅಡಿಟಿಪ್ಪಣಿಗಳಲ್ಲಿ ಈ ಪದಗಳೇ ಮತ್ತೆ ಬರುತ್ತವೆ. ಚುಚ್ಚಿದ ಪ್ರಮಾಣ ಹೆಚ್ಚಾಗಿ ನಾಳದಲ್ಲಿನ ಸಾಂದ್ರತೆ ಮೈಕ್ರೊಮೋಲಾರ್ ಮಟ್ಟ ಮುಟ್ಟಿದರೆ ವಾಹಕಗಳು ತುಂಬಿಹೋಗಿ, ಆರೋಗ್ಯವಾದ ಶ್ವಾಸಕೋಶವೂ ಕಾಯಿಲೆಯದ್ದರಂತೆ ಕಾಣುತ್ತದೆ. ಕೊನೆಯ ನಳಿಕೆಗಳಲ್ಲಿ ಒಡೆದ ಉತ್ಪನ್ನ, ಅಂದರೆ 5-ಹೈಡ್ರಾಕ್ಸಿಇಂಡೋಲ್ ಅಸಿಟಿಕ್ ಆಮ್ಲ, ಹೊರಬರತೊಡಗುತ್ತದೆ. ಗುರುತು ಅದರ ಮೇಲೂ ಇರುವುದರಿಂದ ಬರೀ ವಿಕಿರಣ ಎಣಿಸಿದರೆ ಸಿರೊಟೋನಿನ್ ಹಾಗೇ ದಾಟಿ ಬಂತೆಂದು ತೋರುತ್ತದೆ. ಎರಡನ್ನೂ ಬೇರ್ಪಡಿಸಿಯೇ ಎಣಿಸಬೇಕು. ಕೊಳವೆಯಲ್ಲಿ ಗಾಳಿಗುಳ್ಳೆ ಸೇರಿದರೆ ಲೋಮನಾಳಗಳು ಕಟ್ಟಿಕೊಂಡು ಮೇಲ್ಮೈಯೇ ಕುಗ್ಗುತ್ತದೆ. ದ್ರಾವಣದ ಬದಲು ರಕ್ತ ಹರಿಸಿದರೆ ಇನ್ನೊಂದು ತೊಡಕು: ಪ್ಲೇಟ್‌ಲೆಟ್‌ಗಳೂ ಸಿರೊಟೋನಿನ್ ಎಳೆದುಕೊಳ್ಳುತ್ತವೆ. ಹಾಗಾಗಿ ಮಾದರಿಯನ್ನು ತಣ್ಣನೆಯ, ವಾಹಕ ತಡೆಯುವ ಔಷಧವಿರುವ ನಳಿಕೆಗೇ ಹಿಡಿದು ಬೇಗ ಸೆಂಟ್ರಿಫ್ಯೂಜ್ ಮಾಡಬೇಕು.

ನನ್ನ ಆಯ್ಕೆ ಹೀಗೆ. ಅಪ್‌ಟೇಕ್‌ಗೆ ‘ಒಳಸಾಗಣೆ’. ವಾಹಕ ಪ್ರೋಟೀನ್ ಎಂಬ ಪದದ ಜೊತೆಗೂ ಅದು ಹೊಂದುತ್ತದೆ. ಎಕ್ಸ್‌ಟ್ರ್ಯಾಕ್ಷನ್‌ಗೆ ‘ತಗ್ಗಿದ ಪಾಲು’; ಇದು ಕಾರಣ ಹೇಳದ ಪದ, ಹೇಳಬಾರದು ಕೂಡ. ‘ಹೊರತೆಗೆತ’ ಎಂದರೆ ಹಲ್ಲು ಕಿತ್ತಂತಾಗುತ್ತದೆ. ಕ್ಲಿಯರೆನ್ಸ್‌ಗೆ ‘ತೆರವು’, ಏಕಮಾನ ಮಿ.ಲೀ./ನಿಮಿಷ. ರಾಜಕಾಲುವೆ ಒತ್ತುವರಿ ನೆನಪಾದರೂ ಅಡ್ಡಿಯಿಲ್ಲ. ‘ಹೀರಿಕೆ’ ಕರುಳಿಗೆ ಇರಲಿ, ಅಲ್ಲಿ ಅದು ಬಳಕೆಯಲ್ಲಿದೆ.

ಕರಡಿನ ವಾಕ್ಯ ಹೀಗಾಗಬಹುದು: ‘ಶ್ವಾಸಕೋಶದ ರಕ್ತನಾಳಗಳ ಒಳಪದರವು ಸಿರೊಟೋನಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಒಳಕ್ಕೆ ಸಾಗಿಸಿ ಒಡೆಯುತ್ತದೆ, ಬ್ರಾಡಿಕೈನಿನ್ ಅನ್ನು ಮೇಲ್ಮೈಯಲ್ಲೇ ಕತ್ತರಿಸುತ್ತದೆ.’