ಬಂಡೀಪುರದ ರಸ್ತೆಬದಿಗೆ ಜನವರಿಯಲ್ಲಿ ಅರಣ್ಯ ಇಲಾಖೆಯೇ ಬೆಂಕಿ ಹಾಕುವುದೇಕೆ?

ಹೊಲದಂಚು: ಗುಂಡ್ಲುಪೇಟೆಯಿಂದ ಊಟಿ ಕಡೆ ಹೋಗುವಾಗ ಜನವರಿ ಹೊತ್ತಿಗೆ ರಸ್ತೆಯ ಎರಡೂ ಬದಿ ಕರ್ರಗೆ ಸುಟ್ಟಿರುತ್ತೆ. ಕಾಡ್ಗಿಚ್ಚು ದಾಟದಿರಲಿ ಅಂತ ಮೊದಲೇ ಸುಟ್ಟಿಡುವ ಈ ಪಟ್ಟಿಗೆ ಬೆಂಕಿ ರೇಖೆ ಅಂತಾರೆ. ಜನ ಹಾಕಿದರೆ ಕೇಸು, ಇಲಾಖೆ ಹಾಕಿದರೆ ಕೆಲಸ, ಇದರ ಲೆಕ್ಕ ಏನು? ಇಷ್ಟು ಮಾಡಿಯೂ 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಕಡೆ ಸಾವಿರಾರು ಎಕರೆ ಉರಿದುಹೋಯಿತಲ್ಲ?

ಒಣಎಲೆ: ರೇಖೆ ಬೆಂಕಿಯನ್ನು ಆರಿಸುವುದಿಲ್ಲ, ಅದಕ್ಕೆ ಮೇವು ಸಿಗದಂತೆ ಮಾಡುತ್ತೆ ಅಷ್ಟೆ. ಮಳೆ ನಿಂತ ಮೇಲೆ ಹುಲ್ಲು, ಪೊದೆ ಸವರಿ ಅಲ್ಲೇ ಒಣಗಲು ಬಿಡುತ್ತಾರೆ. ಸುಡುವ ಮುಂಚೆ ಪಟ್ಟಿಯ ಎರಡೂ ಅಂಚನ್ನು ಒಂದೆರಡು ಮೀಟರ್ ಅಗಲ ಮಣ್ಣು ಕಾಣುವ ಹಾಗೆ ಕೆರೆದು ಗುಡಿಸಬೇಕು. ಆಮೇಲೆ ಗಾಳಿಗೆ ಎದುರಾಗಿ ಬೆಂಕಿ ಹಚ್ಚಿ ನಿಧಾನವಾಗಿ ಹಿಂದಕ್ಕೆ ತರಬೇಕು. ಇಳಿಜಾರಾದರೆ ಮೇಲಿನ ಅಂಚಿನಿಂದ ಶುರು. ಕೆಳಗಿನಿಂದ ಹಚ್ಚಿದರೆ ಕೈಗೆ ಸಿಗದು: ಇಳಿಜಾರು ಹತ್ತು ಡಿಗ್ರಿ ಏರಿದಂತೆಲ್ಲ ಬೆಂಕಿಯ ಓಟ ಹೆಚ್ಚುಕಡಿಮೆ ಇಮ್ಮಡಿ ಆಗುತ್ತೆ. ಬೆಟ್ಟದ ಕಾಡಿನಲ್ಲಿ ಒಂದು ಕಿಡಿ ಗಂಟೆಯೊಳಗೆ ನೆತ್ತಿ ಮುಟ್ಟುವುದು ಹೀಗೆ.

ಬೇಗ ಸುಟ್ಟರೆ ಹಸಿ ಇದ್ದದ್ದು ಅರ್ಧ ಉಳಿಯುತ್ತೆ, ಅದೇ ಒಣಗಿ ಮಾರ್ಚಿನಲ್ಲಿ ಬೆಂಕಿ ರೇಖೆ ದಾಟಲು ಸೇತುವೆ. ತಡ ಮಾಡಿದರೆ ರೇಖೆಗೆ ಹಾಕಿದ ಬೆಂಕಿಯೇ ಕಾಡು ಹೊಕ್ಕುತ್ತೆ. ಡಿಸೆಂಬರಿನಲ್ಲಿ ಅಕಾಲಿಕ ಮಳೆ ಬಿದ್ದರಂತೂ ಸವರಿದ ಹುಲ್ಲು ಮತ್ತೆ ಚಿಗುರಿ ಎಲ್ಲ ಲೆಕ್ಕಾಚಾರ ತಲೆಕೆಳಗು.

ಗಸ್ತುದಾರಿ: ಮೇಲಿನದಕ್ಕೆ ಒಂದು ಸೇರಿಸಬೇಕು. ಸುಟ್ಟ ಮೇಲೆ ಕೆಲಸ ಮುಗಿಯಿತು ಅನ್ನುವುದೇ ದೊಡ್ಡ ತಪ್ಪು. ಎಲೆ ಉದುರಿಸುವ ಕಾಡು ಅದು; ತೇಗ, ದಿಂಡಿಗ, ಮತ್ತಿ ಎಲ್ಲವೂ ಬೇಸಿಗೆಗೆ ಎಲೆ ಚೆಲ್ಲುತ್ತವೆ. ಜನವರಿಯ ರೇಖೆ ಫೆಬ್ರವರಿ ಕೊನೆಗೆ ಒಣ ಎಲೆಯ ಹಾಸಿಗೆ ಆಗಿರುತ್ತೆ. ಬ್ಲೋವರ್ ಹಿಡಿದೋ ಕಡ್ಡಿಬರಲಲ್ಲೋ ಮತ್ತೆ ಮತ್ತೆ ಗುಡಿಸಲೇಬೇಕು. ರೇಖೆ ಪಕ್ಕದ ಒಣಮರ ಇನ್ನೊಂದು ತಲೆನೋವು. ಬುಡಕ್ಕೆ ಕೆಂಡ ಹಿಡಿದು ಎರಡು ದಿನ ಹೊಗೆಯಾಡಿ ಆಚೆ ಬದಿಗೆ ಉರುಳಿದರೆ ಅಗಲ ಎಷ್ಟಿದ್ದರೇನು? ಲಂಟಾನ ಅನ್ನುವ ಕಳೆಪೊದೆ ಬೇರೆ ಜ್ವಾಲೆಯನ್ನು ಆಳೆತ್ತರಕ್ಕಿಂತ ಮೇಲೆ ಒಯ್ಯುತ್ತೆ, ಹತ್ತಿರ ನಿಂತು ಹಸಿ ಸೊಪ್ಪಲ್ಲಿ ಬಡಿಯಲು ಆಗುವುದಿಲ್ಲ. ಆಗ ಉಳಿಯುವುದು ಎದುರುಬೆಂಕಿ ಒಂದೇ, ಅಂದರೆ ಬರುವ ಬೆಂಕಿಯ ಮುಂದಿನ ಒಣಮೇವನ್ನು ನಾವೇ ಮೊದಲು ಸುಟ್ಟುಬಿಡುವುದು. ಅನುಭವಸ್ಥರಿಲ್ಲದೆ ಅದಕ್ಕೆ ಕೈ ಹಾಕಬಾರದು.

ಹೊಲದಂಚು: ಉಪಗ್ರಹದಿಂದ ತಕ್ಷಣ ಗೊತ್ತಾಗುತ್ತೆ ಅಂತಾರಲ್ಲ?

ಒಣಎಲೆ: "ತಕ್ಷಣ" ಅಲ್ಲ. ಉಪಗ್ರಹದಲ್ಲಿ ಬೆಂಕಿಯ ಬಿಸಿ ಗುರುತಿಸುವ ವಿಯರ್ಸ್ ಸಂವೇದಕದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 375 ಮೀಟರ್, ಇನ್ನೊಂದು ಸಂವೇದಕ ಮೋಡಿಸ್‌ನದ್ದು 1 ಕಿ.ಮೀ. ವಿಯರ್ಸ್ ಹೊತ್ತ ಉಪಗ್ರಹ ನಮ್ಮ ತಲೆಮೇಲೆ ಬರುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆ ಆಸುಪಾಸು. ಮೂರು ಗಂಟೆಗೆ ಹತ್ತಿದ ಬೆಂಕಿ ಅದಕ್ಕೆ ಕಾಣುವುದು ರಾತ್ರಿಗೇ. ಅಷ್ಟರೊಳಗೆ ಕಾಣಬೇಕಾದರೆ ವಾಚ್ ಟವರ್ ಮೇಲೆ ಮನುಷ್ಯ ಇರಬೇಕು, ಕೈಯಲ್ಲಿ ವಾಕಿಟಾಕಿ ಇರಬೇಕು.

ಕೇಸಿನ ವಿಷಯ: ರಾಷ್ಟ್ರೀಯ ಉದ್ಯಾನದೊಳಗೆ ಬೆಂಕಿ ಹಾಕುವುದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಸೆಕ್ಷನ್ ತಡೆಯುತ್ತೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಇಲಾಖೆ ಸುಡುವುದು ಗೊತ್ತುಮಾಡಿದ ಪಟ್ಟಿಯಲ್ಲಿ, ಆಳು ನಿಲ್ಲಿಸಿಕೊಂಡು.

ಹೊಲದಂಚು: ಕಾಡಿಗೆ ಒತ್ತಿಕೊಂಡ ಹೊಲದಲ್ಲಿ ಜೋಳದ ದಂಟು, ಕಸ ಇದ್ದರೆ?

ಗಸ್ತುದಾರಿ: ಸುಡದೆ ಉಳುಮೆಯಲ್ಲಿ ಮಣ್ಣಿಗೆ ಸೇರಿಸಿಬಿಡಿ, ಅಥವಾ ಗುಂಡಿಗೆ ಹಾಕಿ ಗೊಬ್ಬರ ಮಾಡಿ. ಫೆಬ್ರವರಿಯಿಂದ ಮೊದಲ ಮಳೆವರೆಗೆ ಕಾಡಂಚಿನ ಬದುವಿಗೆ ಬೆಂಕಿ ಬೇಡವೇ ಬೇಡ. ಬದುವಿನ ಪಕ್ಕ ಎರಡು ಸಾಲು ನೇಗಿಲು ಹೊಡೆದು ಬರೀ ಮಣ್ಣು ಬಿಟ್ಟರೆ ನಿಮ್ಮ ಬೆಳೆಗೂ ಕಾವಲು. ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926. "ಕಾಡಲ್ಲಿ ಬೆಂಕಿ" ಅಂದರೆ ಸಾಲದು. ಹತ್ತಿರದ ಕೆರೆಯ ಹೆಸರು, ಗಾಳಿ ಯಾವ ಕಡೆಗೆ ಬೀಸುತ್ತಿದೆ, ಜೀಪು ಎಲ್ಲಿವರೆಗೆ ಬರುತ್ತೆ, ಇಷ್ಟು ಹೇಳಿ.