ಲಿಸ್ಟ್ ಒಳಗೆ ಡಿಕ್ಷನರಿ, ಅದ್ರ ಒಳಗೆ ಮತ್ತೆ ಲಿಸ್ಟ್, ಪೈಥಾನ್ ಎರರ್ ಸ್ವಲ್ಪ ನೋಡಿ ಮಾರ್ರೆ

ಬೂತಾಯಿ_ಫ್ರೈ:
ಮಿನಿ ಪ್ರಾಜೆಕ್ಟಿಗೆ ಮಲ್ಪೆ ಬಂದರಿನ ಮೀನಿನ ರೇಟೆಲ್ಲ ಜೇಸನ್ (ಡೇಟಾ ಬರೆದಿಡುವ ಟೆಕ್ಸ್ಟ್) ಫೈಲಿಗೆ ಹಾಕಿದ್ದೇನೆ, ತಿಂಗಳ ಒಳಗೆ ಬೋಟುಗಳು, ಬೋಟಿನ ಒಳಗೆ ಮೀನು, ಮೀನಿನ ಒಳಗೆ ಹೆಸರು ಮತ್ತೆ ರೇಟು. ಡೇಟಾ['ಮೇ']['ಮೀನು'] ಅಂತ ಕೊಟ್ರೆ ಟೈಪ್‌ಎರರ್, "ಲಿಸ್ಟ್ ಇಂಡಿಸಸ್ ಮಸ್ಟ್ ಬಿ ಇಂಟಿಜರ್ಸ್" ಅಂತ ಎಂತದೋ ಬರ್ತದೆ. ಸ್ಪೆಲ್ಲಿಂಗ್ ಹತ್ತು ಸಲ ನೋಡಿದೆ, ಸರಿಯೇ ಉಂಟು. ನಾಳೆ ವೈವಾ.

ಗೋಳಿಬಜೆ:
ಸ್ಪೆಲ್ಲಿಂಗ್ ತಪ್ಪಿದ್ರೆ ಕೀಎರರ್ (ಡಿಕ್ಷನರಿಯಲ್ಲಿ ಆ ಹೆಸರು, ಅಂದ್ರೆ ಕೀ, ಇಲ್ಲ ಅಂತ) ಬರ್ತಿತ್ತು ಮಾರಾಯ್ರೆ, ಇದು ಬೇರೆ. ಡೇಟಾ['ಮೇ'] ಅಂದ್ರೆ ಬೋಟುಗಳ ಲಿಸ್ಟು, ಅದ್ರ ಹತ್ರ ಸೀದಾ ಮೀನು ಕೇಳಿದ್ರೆ ಎಷ್ಟನೇ ಬೋಟಿಂದು ಅಂತ ಅದಕ್ಕೆ ಗೊತ್ತಾಗ್ಬೇಕಲ್ಲ. ಡೇಟಾ['ಮೇ'][0]['ಮೀನು'] ಹಾಕಿ, ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಮೊದಲ್ನೇ ಬೋಟಿಂದು ಸಿಕ್ತದೆ, ಎಲ್ಲ ಬೇಕಾದ್ರೆ ಫಾರ್ ಲೂಪ್.

ಬೂತಾಯಿ_ಫ್ರೈ:
ಲೂಪ್ ಹಾಕಿದೆ, ಮೇ ಪೂರ್ತಿ ಬಂತು! ಆದ್ರೆ ಜೂನಿಗೆ ಬಂದ ಕೂಡ್ಲೇ "ನನ್‌ಟೈಪ್ ಆಬ್ಜೆಕ್ಟ್ ಈಸ್ ನಾಟ್ ಇಟರಬಲ್". ಬೋಟ್.ಗೆಟ್('ಮೀನು', []) ಹಾಕಿಯೂ ನೋಡಿದೆ, ಅದೇ ಕಥೆ.

ಕಾಪು_ದೀಪಸ್ತಂಭ:
ಮಲ್ಪೆಯವ್ರಾಗಿ ಇದು ಗೊತ್ತಾಗ್ಲಿಲ್ವಾ 😄 ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ, ಯಾಂತ್ರೀಕೃತ ಬೋಟ್ ಕಡಲಿಗೆ ಇಳಿಯುದೇ ಇಲ್ಲ. ನೀವು ಬೋಟಿನ ಹೆಸರು ಹಾಗೇ ಇಟ್ಟು ಮೀನಿನ ಜಾಗದಲ್ಲಿ ನಲ್ ಹಾಕಿರ್ತೀರಿ, ಪೈಥಾನಿಗೆ ಬರುವಾಗ ಅದು ನನ್ (None, ಅಂದ್ರೆ ಎಂತದೂ ಇಲ್ಲ) ಆಗ್ತದೆ. ಗೆಟ್‌ಗೆ ಕೊಟ್ಟ ಖಾಲಿ ಲಿಸ್ಟ್ ಸಿಗುದು ಕೀಯೇ ಇಲ್ಲದಾಗ ಮಾತ್ರ, ಇಲ್ಲಿ ಕೀ ಉಂಟು, ಒಳಗೆ ಎಂತ ಇಲ್ಲ ಅಷ್ಟೆ. ಹಾಗಾಗಿ ಬೋಟ್.ಗೆಟ್('ಮೀನು') ಆರ್ [] ಅಂತ ಬರೀರಿ.

ಗೋಳಿಬಜೆ:
ಹೌದು ಅದೇ. ಮತ್ತೆ ಟ್ರೈ-ಎಕ್ಸೆಪ್ಟ್ ಹಾಕಿ ಪಾಸ್ ಕೊಟ್ಟು (ಎರರ್ ಬಂದ್ರೆ ಸುಮ್ನೆ ಮುಂದೆ ಹೋಗು ಅಂತ) ಕೈ ತೊಳ್ಕೊಳ್ಬೇಡಿ ಆಯ್ತಾ, ನಾನು ಒಮ್ಮೆ ಹಾಗೆ ಮಾಡಿ ಅರ್ಧ ಡೇಟಾ ಮಾಯ ಆದದ್ದೇ ಗೊತ್ತಾಗ್ಲಿಲ್ಲ. ಒಂದೇ ಲೈನಲ್ಲಿ ನಾಲ್ಕು ಬ್ರಾಕೆಟ್ ಇದ್ರೆ ಬಿಡಿಸಿ ನಾಲ್ಕು ಲೈನ್ ಮಾಡಿ, ಪ್ರತಿ ಹಂತದಲ್ಲಿ ಟೈಪ್ ಪ್ರಿಂಟ್ ಮಾಡಿ. ಪೈಥಾನ್ 3.11ರಿಂದ ಈಚೆಗೆ ಯಾವ ಬ್ರಾಕೆಟಲ್ಲಿ ಎಡವಿದ್ದು ಅಂತ ಕೆಳಗೆ ಗುರುತು ಹಾಕಿಯೇ ತೋರಿಸ್ತದೆ, ಲ್ಯಾಬಲ್ಲಿ ಹಳೇದಿದ್ರೆ ಪ್ರಿಂಟೇ ಗತಿ.

ಬೂತಾಯಿ_ಫ್ರೈ:
ಆಯ್ತು ಆಯ್ತು, ಜೂನ್ ದಾಟಿತು!! ಈಗ ಬಂಗುಡೆ ರೇಟ್ ಕೂಡಿಸ್ಲಿಕ್ಕೆ ಹೋದ್ರೆ 180 ಮತ್ತೆ 200 ಸೇರಿ 180200 ಆಗಿದೆ 😭

ಕಾಪು_ದೀಪಸ್ತಂಭ:
ಆ ರೇಟಲ್ಲಿ ನಾವು ಬಂಗುಡೆ ತಿಂದ ಹಾಗೇ! ಜೇಸನಲ್ಲಿ ರೇಟಿಗೆ ಕೋಟ್ಸ್ ಹಾಕಿದ್ದೀರಿ, ಹಾಗಾಗಿ ಅದು ಸಂಖ್ಯೆ ಅಲ್ಲ, ಬರೀ ಅಕ್ಷರ ಅಂತ ಒಂದಕ್ಕೊಂದು ಅಂಟಿಸಿದೆ. ಕೋಟ್ಸ್ ತೆಗೀರಿ, ಇಲ್ಲಾಂದ್ರೆ ಇಂಟ್ (ಪೂರ್ಣಾಂಕ) ಮಾಡಿ ಕೂಡಿಸಿ. ಮತ್ತೆ ಹೋಗಿ ಮಲಗಿ.