ಎರಿ ಮಣ್ಣು, ಬೋರ್ ನೀರು, ಪಡುವಣ ಬಿಸಲು: ಗದಗಿನ್ಯಾಗ ಯಾವ ಹೂವಿನ ಗಿಡ ತಡಿತಾವ?

ಬೆಟಗೇರಿ_ಅಂಗಳ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮದು ಬೆಟಗೇರಿ ಕಡೆ ಹೊಸಾ ಮನಿ, ಮುಂದ ಪಡುವಣಕ್ಕ ಸಣ್ಣ ಅಂಗಳ ಐತಿ, ಮಣ್ಣು ಪೂರ್ತಿ ಎರಿ (ಕರಿ ಜಿಗಟ ಮಣ್ಣು), ಮಧ್ಯಾಹ್ನದಿಂದ ಹೊತ್ತು ಮುಣಗೂತನಕ ಬಿಸಲು ಗ್ವಾಡಿಗೆ ಬಡದು ಮತ್ತ ಅಂಗಳಕ್ಕ ಬೀಳ್ತೈತಿ. ನಳದ ನೀರು ಬಂದಾಗ ಬಂತು, ಇಲ್ಲಂದ್ರ ಇಲ್ಲ, ಹಿಂಗಾಗಿ ಗಿಡಕ್ಕೆಲ್ಲಾ ಬೋರ್ ನೀರ ಗತಿ. ಯುಗಾದಿ ಮುಂದ ನರ್ಸರಿಯಿಂದ ಇಕ್ಸೋರಾ, ಡಚ್ ಗುಲಾಬಿ, ದಾಸಾಳ ತಂದು ಹಚ್ಚೇವ್ರಿ. ಈಗ ಇಕ್ಸೋರಾದ ಎಳಿ ಎಲಿ ಹಳದಿ ಆಗಿ ನರ ಅಷ್ಟ ಹಸರ ಉಳದಾವ, ಗುಲಾಬಿ ಎಲಿ ಅಂಚು ಸುಟ್ಟಂಗ ಆಗ್ಯಾವ, ದಾಸಾಳ ಮಧ್ಯಾಹ್ನ ಜೋತು ಬಿದ್ದು ಸಂಜಿಕೆ ಮತ್ತ ಎದ್ದ ನಿಂದರ್ತೈತಿ. ನರ್ಸರಿಯವರ್ನ ಕೇಳಿದ್ರ "ಬಿಸಲ ಜಾಸ್ತಿ ಅಕ್ಕಾರ, ನೀರ ಹಾಕ್ರಿ" ಅಂತ ಅಷ್ಟ ಹೇಳ್ತಾರ. ನಮ್ಮ ಅತ್ತಿಯವರಿಗೆ ದಿನಾ ದೇವರಿಗೆ ನಾಕ ಹೂವರ ಸಿಗಬೇಕಂತ ಆಸೆ. ಯಾವ ಗಿಡ ಹಚ್ಚಲಿ? ಇನ್ನೊಂದು, ಆರ್‌ಓ ಮಷಿನಿಂದು ವೇಸ್ಟ್ ನೀರು ಬಕೀಟ್‌ಗಟ್ಟಲೆ ಹೊಕ್ಕೈತಿ, ಅದನ್ನ ಗಿಡಕ್ಕ ಹಾಕಿದ್ರ ನಡಿತೈತೇನ್ರಿ?

ಕೆರಿ_ದಂಡಿ:
ನಾವು ಧಾರವಾಡದಾಗ ಇರೂದ್ರಿ, ನಮ್ಮ ಕಡೆ ಇಕ್ಸೋರಾ, ಗುಲಾಬಿ ಎಲ್ಲಾ ಮಸ್ತ್ ಬರ್ತಾವ. ಮುಂಜಾನಿ ಸಂಜಿ ಎರಡೂ ಹೊತ್ತು ನೀರ ಹಾಕ್ರಿ, ತಿಪ್ಪಿ ಗೊಬ್ಬರ ಕೊಡ್ರಿ, ಸರಿ ಆಗ್ತಾವ.

ಎರಿ_ಹೊಲ:
ಧಾರವಾಡದ ಅಣ್ಣಾರ, ಸಿಟ್ಟಾಗಬ್ಯಾಡ್ರಿ, ನಿಮ್ಮ ಲೆಕ್ಕಾ ಗದಗಿಗೆ ಹತ್ತೂದಿಲ್ಲ. ನಿಮ್ಮದು ಮಲೆನಾಡಿನ ಸೆರಗು, ಬಾಳ ಕಡೆ ಕೆಂಪ ಮಣ್ಣು, ಮಳಿನೂ ಹೆಚ್ಚು, ಹಾಕಿದ ನೀರು ಇಳದ ಹೋಗ್ತೈತಿ. ನಮ್ಮ ಎರಿಯಾಗ ಎರಡ ಹೊತ್ತು ನೀರ ಹಾಕಿದ್ರ ಬೇರು ಕೊಳತ ಹೋಗ್ತಾವ. ಗದಗಿನ್ಯಾಗ ಗಿಡಾ ಬಿಸಲಿಗೆ ಸಾಯೂದು ಕಡಿಮಿ, ಮಣ್ಣಿಗೆ, ನೀರಿಗೆ, ಮತ್ತ ಆ ಗಾಳಿಗೆ ಸಾಯೂದ ಹೆಚ್ಚು. ಕಪ್ಪತಗುಡ್ಡದ ಕಡೆ ಆ ಗಾಳಿ ಪಂಖಾ ಸುಮ್ಮನ ನಿಲ್ಲಿಸ್ಯಾರೇನು?

ಅಕ್ಕಾರ, ಮೊದಲ ತೆಗ್ಗಿನ ವಿಷಯ ಹೇಳ್ತೀನಿ ಕೇಳ್ರಿ. ಎಲ್ಲಾರೂ ಏನ್ ಮಾಡ್ತಾರಂದ್ರ ಎರಿಯಾಗ ಒಂದು ತೆಗ್ಗ ತೋಡಿ ಅದರಾಗ ಮಸಾರಿ (ಕೆಂಪ) ಮಣ್ಣು, ಗೊಬ್ಬರ ತುಂಬಿ ಗಿಡಾ ಹಚ್ಚತಾರ, ನೋಡಾಕ ಚಂದ, ಆದ್ರ ಮಳಿ ಬಂದಾಗ ಸುತ್ತಲಿಂದು ನೀರೆಲ್ಲಾ ಬಂದು ಆ ತೆಗ್ಗಿನ್ಯಾಗ ಕೂಡ್ತೈತಿ, ಕೆಳಗ ಎರಿ ಉಬ್ಬಿ ಬಾಯಿ ಮುಚ್ಚಿರ್ತೈತಿ, ನೀರ ಹೋಗಾಕ ದಾರಿನ ಇಲ್ಲ. ತೆಗ್ಗ ಅನ್ನೂದು ಹಂಡೆ ಆಗಿಬಿಡ್ತೈತಿ. ಅದಕ್ಕ ಎರಿಯಾಗ ತೆಗ್ಗಿಗಿಂತ ದಿಬ್ಬ ಚಲೋ. ಒಂದು ಫೂಟ್ ಎತ್ತರ ಮಡಿ ಮಾಡಿ, ಅದ ಎರಿ ಮಣ್ಣಿಗೆ ದಪ್ಪ ಉಸುಕು, ಚೆನ್ನಾಗಿ ಕಳತ ತಿಪ್ಪಿ ಗೊಬ್ಬರ ಕಲಸಿ, ಅದರ ಮ್ಯಾಲ ಗಿಡಾ ಹಚ್ರಿ. ಬ್ಯಾಸಗ್ಯಾಗ ಎರಿ ಬಿರದು ಸಣ್ಣ ಸಣ್ಣ ಬೇರು ಹರಕೊಂಡ ಹೋಗ್ತಾವಲ್ಲ, ಅದಕ್ಕ ಮ್ಯಾಲೆ ಶೇಂಗಾ ಸಿಪ್ಪಿ ಇಲ್ಲಾ ಜ್ವಾಳದ ಕಣಿಕಿ ತುಂಡ ಮಾಡಿ ನಾಕ ಬೆರಳ ದಪ್ಪ ಹಾಸ್ರಿ, ಬುಡಕ್ಕ ಹತ್ತಿಸಬ್ಯಾಡ್ರಿ, ಸ್ವಲ್ಪ ಬಿಟ್ಟು ಹಾಸ್ರಿ. ಶೇಂಗಾ ಸಿಪ್ಪಿಗೆ ನಮ್ಮೂರಾಗೇನ್ ಬರಾ ಇಲ್ಲಲ್ಲ.

ದಾಸಾಳ ಮಧ್ಯಾಹ್ನ ಜೋತು ಬಿದ್ದು ಸಂಜಿಗೆ ಏಳಾಕತ್ತೈತಿ ಅಂದ್ರ ಅದಕ್ಕ ನೀರ ಕಮ್ಮಿ ಆಗಿಲ್ಲ, ಬೇರು ಎಳಿಯೂ ಮೊದಲ ಎಲಿಯಿಂದ ನೀರು ಆರಿ ಹೋಗಾಕತ್ತೈತಿ ಅಷ್ಟ. ಮುಂಜಾನಿ ಏಳು ಗಂಟೆಗೂ ಜೋತು ಬಿದ್ದಿದ್ರ ಅವಾಗ ಚಿಂತಿ ಮಾಡ್ರಿ. ನೀರ ಹಾಕೂ ಮೊದಲ ಬೆರಳ ಇಳಿಸಿ ನೋಡ್ರಿ, ಎರಡ ಇಂಚ ಒಳಗ ಹಸಿ ಇದ್ರ ಅವತ್ತ ಬ್ಯಾಡ.

ಅನ್ನಭೇದಿ:
ಇಕ್ಸೋರಾದ ರೋಗಕ್ಕ ನಾನು ಹೇಳ್ತೀನ್ರಿ. ಎಳಿ ಎಲಿ ಹಳದಿ, ನರ ಹಸರ ಅಂದ್ರ ಕಬ್ಬಿಣದ ಕೊರತಿ. ಸಾರಜನಕ ಕಡಿಮಿ ಆಗಿದ್ರ ಮೊದಲ ಕೆಳಗಿನ ಹಳೇ ಎಲಿ ಹಳದಿ ಆಗ್ತಾವ, ಇದು ಉಲ್ಟಾ. ಎರಿ ಮಣ್ಣಾಗ ಕಬ್ಬಿಣ ಇರತೈತಿ, ಇಲ್ಲಂತಲ್ಲ, ಆದ್ರ ಸುಣ್ಣದ ಅಂಶ ಹೆಚ್ಚಿರತೈತಿ, ಮಣ್ಣು ಕ್ಷಾರ, ಹಿಂಗಾಗಿ ಇಕ್ಸೋರಾದಂಥ ಹುಳಿ ಮಣ್ಣ ಬೇಡೂ ಗಿಡಕ್ಕ ಅದು ಸಿಗೂದಿಲ್ಲ. ಶೇಂಗಾ ಬೆಳಿಯೂ ರೈತರಿಗೆ ಇದು ಗೊತ್ತಿರ್ತೈತಿ, ಸುಣ್ಣಕಲ್ಲಿನ ಹೊಲದಾಗ ಶೇಂಗಾ ಹಿಂಗ ಬೆಳ್ಳಗ ತಿರಗ್ತೈತಿ. ಒಂದ ಲೀಟರ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಉಪ್ಪ, ಫೆರಸ್ ಸಲ್ಫೇಟ್), ಒಂದ ಗ್ರಾಂ ಸಿಟ್ರಿಕ್ ಆಸಿಡ್ (ಮನ್ಯಾಗಿನ ನಿಂಬಿಹುಳಿ ಉಪ್ಪ), ಸಂಜಿ ಮುಂದ ಎಲಿಗೆ ಸಿಂಪಡಿಸ್ರಿ, ಹತ್ತ ದಿನ ಬಿಟ್ಟು ಮತ್ತೊಮ್ಮೆ. ಗ್ವಾಡಿಗೆ, ಫರಸಿಗೆ ತಾಗಿದ್ರ ತುಕ್ಕಿನ ಕಲಿ ಹೋಗೂದಿಲ್ಲ, ಹೊಸಾ ಮನಿ ಅಂತೀರಿ, ಜ್ವಾಕಿ. ಬರೇ ಮಣ್ಣಿಗೆ ಹಾಕಿದ್ರ ಉಪಯೋಗ ಕಡಿಮಿ, ಆ ಸುಣ್ಣದ ಮಣ್ಣಾಗ ಅದು ಮತ್ತ ಕಟ್ಟಿ ಕೂಡ್ತೈತಿ. ಇಷ್ಟೆಲ್ಲಾ ಮಾಡೂದಕ್ಕಿಂತ ಇಕ್ಸೋರಾ ತಗದು ಪಾಟಿಗೆ ಹಾಕೂದ ಚಲೋ ಅಂತ ನನ್ನ ವಿಚಾರ.

ಆರ್‌ಓ ನೀರು ಬ್ಯಾಡ್ರಿ! ಬೋರ್ ನೀರಿನ ಉಪ್ಪೆಲ್ಲಾ ಆ ವೇಸ್ಟ್‌ನ್ಯಾಗ ಕೂಡಿರತೈತಿ, ಮೊದಲಿನ ನೀರಿಗಿಂತ ಕೆಟ್ಟ. ನಿಮ್ಮ ಗುಲಾಬಿ ಎಲಿ ಅಂಚು ಸುಡಾಕತ್ತಿದ್ದಕ್ಕ ಸವಳ ನೀರೂ ಒಂದು ಕಾರಣ ಇರಬಹುದು. ಅದನ್ನ ಫರಸಿ ತೊಳಿಯಾಕ, ಪಾಯಖಾನಿಗೆ ಬಳಸ್ರಿ. ಎಸಿ ಇದ್ರ ಅದರ ಪೈಪಿನ ನೀರು ಹಾಕಬಹುದು, ಅದರಾಗ ಉಪ್ಪ ಇರೂದಿಲ್ಲ.

ಮುಂಡರಗಿ_ಮಲ್ಲಿಗಿ:
ಎಲ್ಲಾರೂ ರೋಗದ್ದ ಮಾತಾಡಾಕತ್ತೀರಿ, ಹೂವಿನ ಹೆಸರ ಯಾರೂ ಹೇಳವಲ್ರಿ 😄 ಅಕ್ಕಾರ, ಅತ್ತಿಯವರ ಪೂಜಾಕ್ಕ ಬೇಕಂದ್ರ ಮೊದಲ ದುಂಡು ಮಲ್ಲಿಗಿ ಹಚ್ರಿ. ಮಲ್ಲಿಗಿಗೆ ಬಿಸಲ ಅಂದ್ರ ಹಬ್ಬ, ನಮ್ಮ ಮುಂಡರಗಿಯಿಂದ ಹೊಳಿ ದಾಟಿದ್ರ ಹಡಗಲಿ, ಅಲ್ಲಿ ಮಲ್ಲಿಗಿಗೆ ಜಿಐ ಟ್ಯಾಗ್ (ಆ ಊರಿನ ಮಾಲು ಅನ್ನೂ ಸರಕಾರಿ ಗುರುತು) ಸಿಕ್ಕೈತಿ, ಅಲ್ಲಿ ಬಿಸಲೇನ್ ನಮಗಿಂತ ಕಮ್ಮಿ ಐತೇನು? ಚಳಿಗಾಲದ ಕೊನಿಗೆ ಗಟ್ಟಿ ಮನಸ ಮಾಡಿ ಅರ್ಧಕ್ಕ ಕತ್ತರಿಸಿಬಿಡ್ರಿ, ಹೊಸಾ ಟೊಂಗಿಗೇ ಮೊಗ್ಗಿ ಬರೂದು, ಬ್ಯಾಸಗಿ ಪೂರ್ತಿ ಅತ್ತಿಯವರು ಮಾಲಿ ಕಟ್ಟತಾರ. ಆಮ್ಯಾಲ ದೇವಗಣಗಿಲ, ಬಿಳಿ ಸದಾಪುಷ್ಪ, ಪನ್ನೀರ ಗುಲಾಬಿ. ಡಚ್ ಗುಲಾಬಿ ಬಿಟ್ಟು ಪನ್ನೀರ ಹಚ್ರಿ, ಹೂವು ಸಣ್ಣದ ಆದ್ರೂ ವಾಸನಿ ಐತಿ, ಜಿಗುಟ ಗಿಡ. ಅಬ್ಬಲಿಗಿಗೆ ಮಾತ್ರ ಪಡುವಣ ಬಿಸಲ ಆಗೂದಿಲ್ಲ, ಮಲ್ಲಿಗಿ ಮರಿಗೆ ನೆಳ್ಳಾಗ ಹಚ್ರಿ.

ಗ್ವಾಡಿ ಬಿಸಲ ತಡಿಯಾಕ ಬೋಗನ್‌ವಿಲ್ಲಾ, ಅದ ನಮ್ಮ ಕಾಗದದ ಹೂವು. ಬೇರು ಹಿಡಿಯೂತನಕ ನೀರ ಹಾಕಿ ಆಮ್ಯಾಲ ಕೈ ಬಿಗಿ ಹಿಡೀರಿ, ಬಾಳ ನೀರ ಹಾಕಿದ್ರ ಬರೇ ಎಲಿ ಬಿಡ್ತೈತಿ, ಒಣಗಿಸಿದ್ರ ಬಣ್ಣ ಬರ್ತೈತಿ. ಪೂಜಾಕ್ಕ ನಮ್ಮಲ್ಲಿ ಯಾರೂ ಏರಸೂದಿಲ್ಲ, ಅದು ಬ್ಯಾರೆ ಮಾತು.

ಬೆಟಗೇರಿ_ಅಂಗಳ:
ಬಾಳ ಉಪಕಾರ ಆತ್ರಿ ಎಲ್ಲಾರ್ದೂ. ಬಾಜೂ ಮನಿಯವರು ಕಣಗಿಲ ಹಚ್ರಿ, ನೀರ ಬೇಕಿಲ್ಲ, ದಿನಾ ಹೂವು ಅಂತಾರ. ಮನ್ಯಾಗ ಎರಡು ವರ್ಷದ ಕೂಸು ಐತಿ, ಎದರೀಗೆ ಆಕಳ ತಿರಗ್ತಾವ, ನಡಿತೈತೇನು? ಮತ್ತ ಮಲ್ಲಿಗಿ ಈ ವಾರನ ಹಚ್ಚಲಿ?

ಎರಿ_ಹೊಲ:
ಕೂಸ ಇರೂ ಮನ್ಯಾಗ ಕಣಗಿಲ ಬ್ಯಾಡ್ರಿ. ಎಲಿ, ಹೂವು, ಟೊಂಗಿ, ಬೀಜ ಎಲ್ಲಾ ವಿಷ, ಹೃದಯಕ್ಕ ಏಟು. ಕತ್ತರಿಸಿದ ಟೊಂಗಿ ರಸ್ತೆಕ್ಕ ಒಗದ್ರ ಆಕಳ ತಿಂದು ಸಾಯ್ತಾವ. ರಸ್ತೆ ನಡಕ ಡಿವೈಡರ್‌ನ್ಯಾಗ ಇರಲಿ ಅದು, ನಿಮ್ಮ ಅಂಗಳದಾಗ ಬ್ಯಾಡ. ಅದರ ಬದಲಿ ತಂಗಡಿ ಹಚ್ರಿ, ಹಳದಿ ಹೂವು, ನಮ್ಮ ಬಯಲಾಗ ಯಾರೂ ನೀರ ಹಾಕದ ಬೆಳೀತೈತಿ, ನರ್ಸರಿಯವರು ಮಾರೂದಿಲ್ಲ ಅಂತ ಜನ ಮರತಾರ.

ಈ ವಾರ ಹಚ್ಚಬ್ಯಾಡ್ರಿ, ಮಿರಗ (ಮೃಗಶಿರಾ ಮಳಿ) ಬರಲಿ. ಜೂನ್ 7ರ ಸುಮಾರು ಮಿರಗ ಕೂಡ್ತೈತಿ, ಎರಡ ಚಲೋ ಮಳಿ ಆಗಿ ಎರಿ ಹದಕ್ಕ ಬಂದ ಮ್ಯಾಲ, ಕಾಲಿಗೆ ಮಣ್ಣು ಅಂಟದಂಗ ಆದಾಗ ಹಚ್ರಿ. ಈಗ ತಂದ್ರ ನೆಟ್ಟಿನ ನೆಳ್ಳಾಗ ಬೆಳೆದ ಗಿಡಾನ ಸೀದಾ ನಿಮ್ಮ ಪಡುವಣ ಗ್ವಾಡಿಗೆ ನಿಲ್ಲಿಸಿದಂಗ ಆಗ್ತೈತಿ. ತಂದ ಮ್ಯಾಲೂ ಒಂದ ವಾರ ಮುಂಜಾನಿ ಬಿಸಲಾಗ ಇಟ್ಟು ರೂಢಿ ಮಾಡ್ರಿ. ಪಡುವಣಕ್ಕ ಎರಡ ಬಡಗಿ ಹುಗದು ಹಸರ ನೆಟ್ ಕಟ್ಟಿದ್ರ ಗಾಳಿನೂ ಮುರೀತೈತಿ, ಪೂರ್ತಿ ಮುಚ್ಚಬ್ಯಾಡ್ರಿ.

ಮುಂಡರಗಿ_ಮಲ್ಲಿಗಿ:
ದಾಸಾಳ ತಗೀಬ್ಯಾಡ್ರಿ ಅಕ್ಕಾರ, ಅದು ತಡಕೊಳ್ತೈತಿ. ಎಳಿ ಕುಡಿಗೆ ಬೆಳ್ಳನ ಹತ್ತಿಯಂಥ ಹಿಟ್ಟು ತಿಗಣಿ ಕೂತೈತೇನು ಬಗ್ಗಿ ನೋಡ್ರಿ, ಬ್ಯಾಸಗ್ಯಾಗ ಇದ್ದದ್ದ. ಇದ್ರ ಪೈಪಿನಿಂದ ಜೋರ ನೀರ ಬಿಟ್ಟು ತೊಳದು, ಲೀಟರಿಗೆ 5 ಎಂಎಲ್ ಬೇವಿನೆಣ್ಣಿ, ಎರಡ ಹನಿ ಸಾಬಾಣ ನೀರು ಕೂಡಿಸಿ ಸಂಜಿಕ ಹೊಡೀರಿ, ಬಿಸಲಾಗ ಹೊಡದ್ರ ಎಲಿ ಸುಡತಾವ.

ಕೆರಿ_ದಂಡಿ:
ಪನ್ನೀರ ಗುಲಾಬಿ ಕಡ್ಡಿ ನಮ್ಮ ಮನ್ಯಾಗ ಅದಾವ್ರಿ, ಮಿರಗದಾಗ ಹುಬ್ಬಳ್ಳಿಗೆ ಬಂದ್ರ ಹೇಳ್ರಿ, ಒದ್ದಿ ತಟ್ಟಿನ್ಯಾಗ ಸುತ್ತಿ ತಂದು ಕೊಡ್ತೀನಿ. ಎರಡ ಹೊತ್ತು ನೀರಿನ ಮಾತು ವಾಪಸ್ ತಗೊಂಡೀನಿ 🙏